ಅಪ್ಪನ ದ್ರಾಕ್ಷಿ ಚಪ್ಪರ ಕೀಳೋ ದಿನ ಶಾಂಪೇನ್ ಒಡೀಬಹುದಾ?

ಚಪ್ಪರದ ಮಗಳು · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ದು ಚಿಕ್ಕಬಳ್ಳಾಪುರ ತಾಲ್ಲೂಕು. ಜಗಲಿ ಮೇಲೆ ಕೂತ್ರೆ ನಂದಿ ಬೆಟ್ಟ ಕಾಣುತ್ತೆ, ಅಷ್ಟು ಹೇಳಿದ್ರೆ ಸಾಕು. ಅಪ್ಪ 1986ರಲ್ಲಿ ಒಂದೆಕರೆ ಬೆಂಗಳೂರು ಬ್ಲೂ ನೆಟ್ಟರು. ನಾನು ಹುಟ್ಟಿದ್ದೂ ಅದೇ ವರ್ಷ. ಮನೇಲಿ ನನ್ನ ವಯಸ್ಸು ಮರೆತುಹೋದ್ರೆ ಚಪ್ಪರದ ವಯಸ್ಸು ಲೆಕ್ಕ ಹಾಕ್ತಾರೆ.

ಈಗ ಕಲ್ಲುಕಂಬ ವಾಲಿದೆ, ತಂತಿ ತುಕ್ಕು ಹಿಡಿದಿದೆ, ಕಟಿಂಗ್‌ಗೆ ಆಳು ಸಿಗಲ್ಲ. ಈ ಸುಗ್ಗಿ ಮುಗಿದ ಮೇಲೆ ಬಳ್ಳಿ ಕಿತ್ತು ಗುಲಾಬಿ ಹಾಕೋದು ಅಂತ ತಮ್ಮ ತೀರ್ಮಾನ ಮಾಡಿದ್ದಾನೆ. ತಪ್ಪಲ್ಲ ಅದು. ಅಪ್ಪಂಗೂ ಗೊತ್ತು. ಆದ್ರೆ ಮೊನ್ನೆ ಕ್ರೇಟ್ ತೂಕ ಹಾಕ್ತಾ ಕೂತಿದ್ದವರು ಯಾರಿಗೂ ಅಲ್ಲ ಅನ್ನೋ ಹಾಗೆ ಅಂದ್ರು: "ಇಷ್ಟು ವರ್ಷ ಬೆಳ್ದೆ, ಇದ್ರಲ್ಲಿ ವೈನ್ ಮಾಡ್ತಾರಂತೆ, ಒಂದ್ ತೊಟ್ಟು ಬಾಯಿಗೆ ಬಿಟ್ಟು ನೋಡ್ಲಿಲ್ಲ."

ಅಪ್ಪ ಕುಡಿಯೋರಲ್ಲ. ಎಪ್ಪತ್ತೊಂದು ವರ್ಷ. ಆದ್ರೆ ಆ ಮಾತು ನನ್ನ ತಲೆಯಿಂದ ಹೋಗ್ತಿಲ್ಲ. ಕೊನೇ ಕೊಯ್ಲಿನ ದಿನ ಚಪ್ಪರದ ಕೆಳಗೇ ಒಂದು ಶಾಂಪೇನ್ ಬಾಟ್ಲಿ ಒಡೀಬೇಕು ಅಂತ ಆಸೆ. ಅಮ್ಮ ಆಗ್ಲೇ "ತೋಟಕ್ಕೆ ಬಾಟ್ಲಿ ತರ್ತೀಯೇನೇ" ಅಂತ ಮುಖ ತಿರುಗಿಸಿದಾರೆ. ಏನು ತರಬೇಕು, ಎಲ್ಲಿ ಸಿಗುತ್ತೆ, ಹೆಂಗೆ ತೆಗೀಬೇಕು, ಒಂದೂ ಗೊತ್ತಿಲ್ಲ. ಇದೆಲ್ಲ ಬೇಕಾ ಅನ್ನೋದನ್ನೂ ಹೇಳಿ. ಬೈದ್ರೂ ಪರವಾಗಿಲ್ಲ.

ಗೋಲಿಸೋಡಾ · ಭಾನುವಾರ ರಾತ್ರಿ 9:58

ಅಕ್ಕ, ಮೊದಲ್ನೇ ತಿದ್ದುಪಡಿ. ಒಡೆಯೋದು ತೆಂಗಿನಕಾಯಿ. ಇದನ್ನ ಬಿಚ್ಚಬೇಕು. ಒಡೆದ್ರೆ ಗ್ಲಾಸಿಗೆ ಏನೂ ಬರಲ್ಲ, ಕಾಲಿಗೆ ಗಾಜು ಬರುತ್ತೆ.

ಎರಡ್ನೇದು, ನಮ್ಮ ಕೋಲಾರದಲ್ಲಿ ದೊಡ್ಡ ದೀಪದ ಬೋರ್ಡ್ ಹಾಕಿರೋ "ವೈನ್ಸ್" ಅಂಗಡಿಗೆ ಹೋಗಿ ವೈನ್ ಕೇಳಿ ನೋಡಿ. ಅವನು ನಿಮ್ಮನ್ನ ಒಂದ್ಸಲ ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ, ಧೂಳು ಒರೆಸ್ಕೊಂಡು ಒಂದು ಪೋರ್ಟ್ ಬಾಟ್ಲಿ ತರ್ತಾನೆ. ಕೆಮ್ಮಿನ ಸಿರಪ್ಪಿಗೆ ಸಕ್ಕರೆ ಹಾಕಿದ ಹಾಗಿರುತ್ತೆ. ವೈನ್ಸ್‌ನಲ್ಲಿ ವೈನ್ ಒಂದು ಬಿಟ್ಟು ಎಲ್ಲಾ ಇರುತ್ತೆ.

ನಾಸಿಕ್ ರಿಟರ್ನ್ · ಭಾನುವಾರ ರಾತ್ರಿ 10:31

ಅಕ್ಕ, ನಾನು ಗೌರಿಬಿದನೂರಿನವನು. ನಾಸಿಕ್ ಕಡೆ ಒಂದು ವೈನರಿಯ ನೆಲಮಾಳಿಗೇಲಿ ಆರು ವರ್ಷ ಕೆಲ್ಸ ಮಾಡಿ ಬಂದಿದ್ದೀನಿ. ನಿಮ್ಮ ಪ್ರಶ್ನೆ ನನ್ನ ಪಾಲಿಗೇ ಬಂದ ಹಾಗಿದೆ, ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇರಲಿ.

ಶಾಂಪೇನ್ ಅನ್ನೋದು ಊರಿನ ಹೆಸರು, ಪ್ಯಾರಿಸ್‌ನ ಪೂರ್ವಕ್ಕಿರೋ ಸೀಮೆ. ಅಲ್ಲಿ ಬೆಳೆದ ದ್ರಾಕ್ಷಿಯಿಂದ ಅಲ್ಲೇ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಮಿಕ್ಕಿದ್ದೆಲ್ಲ ಸ್ಪಾರ್ಕ್ಲಿಂಗ್ ವೈನ್, ನೊರೆ ವೈನ್ ಅಂದ್ಕೊಳ್ಳಿ. ನಮ್ಮ ಬೆಂಗಳೂರು ಬ್ಲೂಗೂ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಲೆಕ್ಕ ಅದೇ.

ಮಾಡೋದು ಹೀಗೆ. ಮೊದಲು ಮಾಮೂಲಿ ಬಿಳಿ ವೈನ್ ಮಾಡ್ತಾರೆ. ಅದನ್ನ ದಪ್ಪ ಬಾಟ್ಲಿಗೆ ತುಂಬಿ, ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಒಂಚೂರು ಯೀಸ್ಟ್ ಹಾಕಿ, ಸೋಡಾ ಬಾಟ್ಲಿಗೆ ಹಾಕೋ ಅಂಥದೇ ತಗಡಿನ ಮುಚ್ಚಳ ಒತ್ತಿ ಮಲಗಿಸ್ತಾರೆ. ಒಳಗೆ ಎರಡನೇ ಸಲ ಹುದುಗು ಏಳುತ್ತೆ. ಹುಟ್ಟಿದ ಗ್ಯಾಸಿಗೆ ಹೋಗೋಕೆ ದಾರಿ ಇಲ್ಲ, ವೈನಿನಲ್ಲೇ ಕರಗುತ್ತೆ. ಕೊನೆಗೆ ಒಳಗಿನ ಒತ್ತಡ ಕಾರ್ ಟೈರಿಗಿಂತ ಎರಡೂವರೆ ಮೂರು ಪಟ್ಟು. ಅದಕ್ಕೇ ಬಾಟ್ಲಿ ಅಷ್ಟು ತೂಕ, ತಳದಲ್ಲಿ ಅಷ್ಟು ಆಳದ ಗುಳಿ.

ಆಮೇಲೆ ನನ್ನ ಕೆಲ್ಸ. ಸತ್ತ ಯೀಸ್ಟ್ ತಳದಲ್ಲಿ ಮಡ್ಡಿ ಆಗಿ ಕೂತಿರುತ್ತೆ. ತೂತು ಕೊರೆದ ಮರದ ಹಲಗೇಲಿ ಬಾಟ್ಲಿಗಳನ್ನ ಕುತ್ತಿಗೆ ಕೆಳಗಾಗಿ ಸಿಕ್ಕಿಸಿ, ದಿನಾ ಒಂದು ಪಟ್ಟು ಸ್ವಲ್ಪ ತಿರುಗಿಸಬೇಕು. ಕೀಲಿ ತಿರುಗಿಸೋ ಹಾಗೆ, ಎರಡು ಕೈಲಿ ಎರಡು ಬಾಟ್ಲಿ, ಟಕ್ ಟಕ್ ಅಂತ. ಕೆಲವು ವಾರದಲ್ಲಿ ಮಡ್ಡಿ ಎಲ್ಲ ಮುಚ್ಚಳದ ಹತ್ತಿರ ಇಳಿಯುತ್ತೆ. ಈಗ ಹೆಚ್ಚಿನ ಕಡೆ ಯಂತ್ರ ತಿರುಗಿಸುತ್ತೆ. ನಮ್ಮಲ್ಲಿ ಬಂದವರಿಗೆ ತೋರಿಸೋಕೆ ಅಂತ ಒಂದು ಹಲಗೆ ಇಟ್ಟಿದ್ರು, ಅದು ನನ್ನದು. ಮಲಗಿದ್ರೂ ಮಣಿಕಟ್ಟು ತಿರುಗ್ತಿತ್ತು. ಕೊನೇಲಿ ಕುತ್ತಿಗೇನ ಕೊರೆಯೋ ದ್ರಾವಣದಲ್ಲಿ ಅದ್ದಿ ಮುಚ್ಚಳ ತೆಗೆದ್ರೆ ಮಡ್ಡಿ ಐಸಿನ ಬಿರಡೆ ಆಗಿ ತಾನಾಗೇ ಹಾರುತ್ತೆ. ಖಾಲಿಯಾದಷ್ಟು ಜಾಗಕ್ಕೆ ಸಿಹಿ ಬೆರೆಸಿದ ವೈನ್ ತುಂಬಿ ಕಾರ್ಕ್ ಜಡಿದು ತಂತಿ ಕಟ್ಟೋದು.

ನಿಮಗೆ ಫ್ರಾನ್ಸಿನದ್ದು ಬೇಡ, ದುಡ್ಡು ದಂಡ. ನಾಸಿಕ್‌ನಲ್ಲಿ ಮಾಡಿದ್ದೇ ಸಾಕು. ಬಾಟ್ಲಿ ಮೇಲೆ "ಬ್ರೂಟ್" ಅಂತಿದ್ರೆ ಸಿಹಿ ತೀರಾ ಕಮ್ಮಿ, ಲೀಟರಿಗೆ 12 ಗ್ರಾಂ ಒಳಗೆ. "ಎಕ್ಸ್‌ಟ್ರಾ ಡ್ರೈ" ಅಂದ್ರೆ ಇನ್ನೂ ಒಗರು ಅಂದ್ಕೋಬೇಡಿ, ಅದು ಬ್ರೂಟ್‌ಗಿಂತ ಸ್ವಲ್ಪ ಸಿಹಿ. ಹೆಸರಿಟ್ಟವರ ಬುದ್ಧಿ ಹಂಗಿದೆ. ಮೊದಲ ಸಲ ಕುಡಿಯೋರಿಗೆ "ಡೆಮಿ ಸೆಕ್" ಅಂತಿರೋದು ಹುಡುಕಿ, ಬಾಯಿಗೆ ಹತ್ತುತ್ತೆ.

ಚಿಂತಾಮಣಿ ಟೊಮೆಟೊ · ಸೋಮವಾರ ಬೆಳಗ್ಗೆ 6:12

ಬೈದ್ರೂ ಪರವಾಗಿಲ್ಲ ಅಂದ್ರಲ್ಲ, ಬೈತೀನಿ ತಂಗಿ. ಬಳ್ಳಿ ಕೀಳೋದು ಸಂತೋಷದ ಕೆಲ್ಸಾನಾ? ನಮ್ಮಪ್ಪ ಹುಣಸೆ ಮರ ಕಡಿಸಿದ ದಿನ ಮನೇಲಿ ಯಾರೂ ಜೋರಾಗಿ ಮಾತಾಡ್ಲಿಲ್ಲ. ನನಗೆ ಹನ್ನೊಂದ್ನೂರು ಅಡಿಗೆ ಬೋರಲ್ಲಿ ನೀರು ಬಿದ್ದಾಗ ಕಾಯಿ ಒಡೆದು, ಅರಿಶಿನ ಕುಂಕುಮ ಇಟ್ಟು, ರಿಗ್ಗಿನ ಹುಡುಗರಿಗೆ ಕೋಳಿ ಸಾರು ಮುದ್ದೆ ಹಾಕ್ಸಿದ್ದೆ. ಮುಖಕ್ಕೆ ಕೆಸರು ರಾಚಿತ್ತು, ಅದೇ ನಮ್ಮ ಶಾಂಪೇನ್. ಬಂದಾಗ ಹಬ್ಬ ಸರಿ. ಹೋಗುವಾಗ ಯಾಕೆ?

ಚಪ್ಪರದ ಮಗಳು · ಸೋಮವಾರ ಬೆಳಗ್ಗೆ 8:05

ಅಣ್ಣ, ಅದೇ ನನ್ನ ಗೊಂದಲ. ಬೋರಿಗೆ ಪೂಜೆ ಇದೆ, ನೇಗಿಲಿಗೆ ಇದೆ, ಪಾಯಕ್ಕೆ ಇದೆ, ಲಾರಿಗೂ ನಿಂಬೆಹಣ್ಣಿದೆ. ತೋಟ ಮುಗಿಯೋ ದಿನಕ್ಕೆ ಮಾತ್ರ ಏನೂ ಇಲ್ಲ. ಜೆಸಿಬಿ ಬರುತ್ತೆ, ಮಧ್ಯಾಹ್ನದ ಹೊತ್ತಿಗೆ ಮುಗಿದಿರುತ್ತೆ, ಸಂಜೆ ಅಪ್ಪ ಜಗಲಿ ಮೇಲೆ ಕೂತು ಬಯಲು ನೋಡ್ತಾರೆ. ಅದನ್ನ ನೆನೆಸ್ಕೊಂಡ್ರೇ ಕಷ್ಟ.

ಒಂದು ಮಾತು ಹೇಳ್ಲಾ? ನಾವು ಚಿಕ್ಕವರಿದ್ದಾಗ ಅಪ್ಪ "ಬೋರ್ಡೋ ಹೊಡೀಬೇಕು" ಅಂತಿದ್ರು. ಮೈಲುತುತ್ತ ಒಂದ್ ಕೇಜಿ, ಸುಣ್ಣ ಒಂದ್ ಕೇಜಿ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಿ ಆಮೇಲೆ ಸೇರಿಸಬೇಕು, ಕುಡುಗೋಲು ಅದ್ದಿ ನೋಡಿದಾಗ ತುಕ್ಕಿನ ಹಾಗೆ ಕೆಂಪು ಹತ್ತಿದ್ರೆ ಇನ್ನೊಂಚೂರು ಸುಣ್ಣ. ಅಪ್ಪನ ಅಂಗಿ, ಅತ್ತೆ ಸೀರೆ ಅಂಚು, ನಮ್ಮನೆ ಹಿತ್ತಲ ಗೋಡೆ ಎಲ್ಲಾ ತಿಳಿನೀಲಿ. ದೊಡ್ಡವಳಾದ ಮೇಲೆ ಗೊತ್ತಾಯ್ತು, ಬೋರ್ಡೋ ಅಂದ್ರೆ ಫ್ರಾನ್ಸಿನ ವೈನ್ ಊರು, ಅಲ್ಲಿ 1885ರ ಹೊತ್ತಿಗೆ ದ್ರಾಕ್ಷಿಯ ಬೂಜುರೋಗಕ್ಕೆ ಕಂಡುಹಿಡಿದ ಮದ್ದು ಅದು ಅಂತ. ಆ ಊರಿನ ಹೆಸರು ಅಪ್ಪನ ಬಾಯಲ್ಲಿ ಇಷ್ಟು ವರ್ಷ ಇತ್ತು. ವೈನ್ ಮಾತ್ರ ಬಾಯಿಗೆ ಬರಲಿಲ್ಲ.

ಮುದ್ದೆಬಸ್ಸಾರು · ಸೋಮವಾರ ಮಧ್ಯಾಹ್ನ 1:20

ನಾನು ಗುಡಿಬಂಡೆ ಕಡೆಯವಳು. ಎರಡು ಸಲ ಬರೆದು ಅಳಿಸಿದೆ. ನಮ್ಮಪ್ಪ ಎರಡೆಕರೆ ಕುಡಿದ್ರು. ಸಾರಾಯಿ ಪಾಕೆಟ್ಟು. 2007ರಲ್ಲಿ ಸಾರಾಯಿ ನಿಂತಾಗ ನಮ್ಮಮ್ಮ ದೇವ್ರಿಗೆ ದೀಪ ಹಚ್ಚಿದ್ರು. ಆರು ತಿಂಗಳಿಗೆ ಅಪ್ಪ ಅದಕ್ಕಿಂತ ದುಬಾರಿದಕ್ಕೆ ಹೋದ್ರು. ಹಂಗಾಗಿ ಬಾಟ್ಲಿ ಬಿಚ್ಚಿದ ಸದ್ದು ಅಂದ್ರೆ ನಂಗೆ ಸಂಭ್ರಮ ಅಲ್ಲ. ಹೊಟ್ಟೇಲಿ ಏನೋ ಆಗುತ್ತೆ. ಬೇಡ ಅಂತ ಹೇಳೋಕೆ ನಾನು ಯಾರೂ ಅಲ್ಲ. ಆದ್ರೆ ನಿಮ್ಮಮ್ಮ ಮುಖ ತಿರುಗಿಸಿದ್ರಲ್ಲ, ಯಾಕೆ ಅಂತ ಒಂದ್ಸಲ ಕೂತು ಕೇಳಿ. ಬರೀ ಮಡಿ ಅಂದ್ಕೋಬೇಡಿ.

ಚಪ್ಪರದ ಮಗಳು · ಸೋಮವಾರ ಸಂಜೆ 7:44

ಕೇಳಿದೆ ಅಕ್ಕ. ನೀವು ಹೇಳದಿದ್ರೆ ಕೇಳ್ತಾನೇ ಇರ್ಲಿಲ್ಲ. ಅಮ್ಮನ ಅಣ್ಣ ಹಂಗೇ ಹೋಗಿದ್ದು. ನಮಗೆಲ್ಲ "ಕಾಮಾಲೆ" ಅಂತ ಹೇಳಿದ್ರು. ನನಗೆ ಮೂವತ್ತೊಂಬತ್ತು, ಇವತ್ತು ಗೊತ್ತಾಯ್ತು. ಅಮ್ಮ ಹೇಳಿದ್ದು ಇಷ್ಟೇ: ಮನೆಯೊಳಗೆ ಬೇಡ, ತಮ್ಮನ ಕೈಗೆ ಕೊಡಬೇಡ, ಮಿಕ್ಕಿದ್ದು ಮನೇಗೆ ತರಬೇಡ. ನಾನು ಹ್ಞೂಂ ಅಂದೆ.

ಹಳೇ ಅಬಕಾರಿ · ಸೋಮವಾರ ರಾತ್ರಿ 9:15

ತಂಗಿಯವರ ಗಮನಕ್ಕೆ. ನಾನು ಇಲಾಖೆಯಲ್ಲಿದ್ದು ನಿವೃತ್ತನಾದವನು, ತಿಳಿದಷ್ಟು ಹೇಳುತ್ತೇನೆ. ಸ್ವಂತ ಜಾಗದಲ್ಲಿ ಮನೆಮಂದಿ ಸೇರಿ ಒಂದೆರಡು ಬಾಟಲಿ ತೆರೆಯಲು ಪರವಾನಗಿ ಬೇಕಿಲ್ಲ. ಆದರೆ ಕಲ್ಯಾಣ ಮಂಟಪ, ಪಾರ್ಟಿ ಹಾಲ್ ಹಿಡಿದು, ಊರವರನ್ನು ಕರೆದು ಮದ್ಯ ಬಡಿಸುವುದಾದರೆ ಆ ಒಂದು ದಿನಕ್ಕೆ ಸಿ.ಎಲ್.-5 ಸಾಂದರ್ಭಿಕ ಸನ್ನದು ಪಡೆಯಲೇಬೇಕು. ಗೃಹಪ್ರವೇಶ, ನಿಶ್ಚಿತಾರ್ಥ ಎಂದು ಹೇಳಿ ತಪ್ಪಿಸಿಕೊಳ್ಳಲು ನೋಡುತ್ತಾರೆ, ಸಿಕ್ಕಿಬೀಳುತ್ತಾರೆ. ಬಿಲ್ಲು ಜೋಪಾನವಾಗಿಡಿ. ಇಪ್ಪತ್ತೊಂದು ತುಂಬದ ಮಕ್ಕಳ ಕೈಗೆ ಲೋಟ ಕೊಡಬೇಡಿ, "ಒಂದು ಗುಟುಕು, ಪರವಾಗಿಲ್ಲ" ಎಂಬ ಮಾವಂದಿರು ಪ್ರತಿ ಮನೆಯಲ್ಲೂ ಇರುತ್ತಾರೆ.

ಇನ್ನೊಂದು. ಸಾರಾಯಿ ನಿಷೇಧವಾದ ಅದೇ 2007ರಲ್ಲೇ ರಾಜ್ಯ ಸರ್ಕಾರ ವೈನ್ ನೀತಿಯನ್ನೂ ತಂದಿತು. ದ್ರಾಕ್ಷಿ ಬೆಳೆಗಾರರಿಗೆ ಅನುಕೂಲವಾಗಲೆಂದು, ವೈನ್ ಮಾರಲೆಂದೇ ಬೇರೆ ಮಳಿಗೆಗಳಿಗೆ ಸನ್ನದು ಕೊಡಲು ಆಗ ದಾರಿಯಾಯಿತು. ನಿಮ್ಮೂರಿನಲ್ಲಿ ಸಿಗದಿದ್ದರೆ ದೇವನಹಳ್ಳಿ, ಯಲಹಂಕ ಕಡೆ ಅಂಥ ಅಂಗಡಿ ಹುಡುಕಿ.

ಚಾಂಪಿಯನ್ ರೀಫ್ · ಸೋಮವಾರ ರಾತ್ರಿ 10:50

ನಾನು ಕೆಜಿಎಫ್. ಹೆಸರು ಚಾಂಪಿಯನ್ ರೀಫ್, ಶಾಂಪೇನ್ ರೀಫ್ ಅಲ್ಲ, ಯಾರೂ ತಮಾಷೆ ಮಾಡೋ ಮೊದಲೇ ಹೇಳಿಬಿಡ್ತೀನಿ.

ನಮ್ಮ ಕಾಲೋನೀಲಿ ಪಕ್ಕದ ಮನೆ ಆಂಗ್ಲೋ ಇಂಡಿಯನ್ ಆಂಟಿ ಕ್ರಿಸ್‌ಮಸ್‌ಗೆ ಬೆಂಗಳೂರು ಬ್ಲೂನಲ್ಲೇ ವೈನ್ ಮಾಡ್ತಿದ್ರು. ಭರಣಿ, ಸಕ್ಕರೆ, ಒಂದು ಹಿಡಿ ಗೋಧಿ, ಬಾಯಿಗೆ ಬಿಳಿ ಬಟ್ಟೆ. ದಿನಾ ಮರದ ಸೌಟಲ್ಲೇ ಕದಡಬೇಕು. ನಾವು ಹುಡುಗರು ಹೋಗಿ ಭರಣಿಗೆ ಕಿವಿ ಕೊಡ್ತಿದ್ವಿ, ಒಳಗೆ ಸುಂಯ್ ಅಂತಿರೋದು. ಡಿಸೆಂಬರ್ 24ರ ಸಂಜೆ ಕಲ್‌ಕಲ್, ರೋಸ್ ಕುಕ್ಕಿ ಜೊತೆ ನಮ್ಮಪ್ಪಂಗೆ ಒಂದು ಸಣ್ಣ ಲೋಟ ಬರ್ತಿತ್ತು. ಅಬಕಾರಿ ಸಾರ್, ಕ್ಷಮಿಸಿ, ಅವರು ಈಗ ಇಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪ ಶಿಫ್ಟಿಗೆ ಅಂತ ಇಟ್ಕೊಂಡಿದ್ದ ಕ್ಯಾಪ್ ಲ್ಯಾಂಪು, ಬೂಟು ಎಲ್ಲಾ ಮೂಲೇಲಿ. ಯಾರೂ ಏನೂ ಮಾಡ್ಲಿಲ್ಲ, ಒಂದು ಹಾರ ಇಲ್ಲ, ಒಂದು ಫೋಟೋ ಇಲ್ಲ. ಆವತ್ತು ರಾತ್ರಿ ಆ ಆಂಟಿ ಕ್ರಿಸ್‌ಮಸ್‌ನಲ್ಲಿ ಉಳಿದಿದ್ದ ವೈನ್ ತಗೊಂಡು ಬಂದ್ರು. ಅಪ್ಪ, ಅವರ ಗಂಡ, ಇನ್ನೊಬ್ಬರು ಮೇಸ್ತ್ರಿ, ಮೂರೂ ಜನ ಮಾತಿಲ್ದೆ ಕುಡಿದ್ರು. ನಂಗೆ ಆ ಗಣಿ ಮುಚ್ಚಿದ ದಿನ ಅಂದ್ರೆ ನೆನಪಿರೋದು ಅದೊಂದೇ. ಚಿಂತಾಮಣಿ ಅಣ್ಣ, ಹೋಗುವಾಗ ಯಾಕೆ ಅಂದ್ರಲ್ಲ. ಇದಕ್ಕೆ.

ಕ್ಯಾತ್ಸಂದ್ರ ಗೇಟ್ · ಮಂಗಳವಾರ ಬೆಳಗ್ಗೆ 11:02

ತುಮಕೂರಿನಿಂದ ನಾನು. ಎರಡು ವರ್ಷದ ಹಿಂದೆ ನನ್ನ ಡಿವೋರ್ಸ್ ಆರ್ಡರ್ ಕೈಗೆ ಬಂತು. ಮದುವೆಗೆ ಮೂರು ದಿನದ ಶಾಸ್ತ್ರ. ಇದಕ್ಕೆ ಒಂದು ಸಹಿ, ವಕೀಲರ ಫೀಸು, ಹೊರಗೆ ಬಂದ್ರೆ ಆಟೋ ಇಲ್ಲ. ಮನೇಲಿ ಅಮ್ಮ ಯಾರೋ ಸತ್ತ ಹಾಗೆ ಕೂತಿದ್ರು. ಸಂಜೆ ಗೆಳತಿ ಒಬ್ಬಳು ನೊರೆ ವೈನ್ ತಂದಳು, ಸಾವಿರದ ಚಿಲ್ಲರೆ ಕೊಟ್ಟಿದ್ಲು. ತಂತಿ ಬಿಚ್ಚಿ "ಈಗೇನ್ ಮಾಡ್ಬೇಕೇ" ಅಂತ ಇಬ್ಬರೂ ನೋಡ್ತಾ ನಿಂತಿದ್ವಿ, ಅದು ತಾನಾಗೇ ಢಂ ಅಂತ ಹಾರಿ ಟ್ಯೂಬ್‌ಲೈಟಿಗೆ ಹೊಡೀತು. ಮುಕ್ಕಾಲು ಬಾಟ್ಲಿ ಹಾಸಿಗೆ ಪಾಲು. ಕತ್ತಲಲ್ಲಿ ಅಷ್ಟು ನಕ್ಕಿದ್ದು ನಾನು ಮದುವೆಯಾದ ಮೇಲೆ ಅದೇ ಮೊದಲು. ಅಮ್ಮ ಮೇಣದಬತ್ತಿ ಹಿಡ್ಕೊಂಡು ಬಂದು "ಏನ್ರೇ ಅದು ಸದ್ದು" ಅಂದ್ರು. ಉಳಿದದ್ದನ್ನ ಬಿಸಿ ತಟ್ಟೆ ಇಡ್ಲಿ ಜೊತೆ ಕುಡಿದ್ವಿ. ಹೊಂದಲ್ಲ. ಕರಿದದ್ದಕ್ಕೆ ಹೊಂದುತ್ತೆ, ನಿಪ್ಪಟ್ಟು, ಕಡ್ಲೆಬೇಳೆ ವಡೆ, ಹುರಿದು ಉಪ್ಪು ಖಾರ ಹಾಕಿದ ಅವರೆಬೇಳೆ. ಎಣ್ಣೆ ಜಿಡ್ಡನ್ನ ತೊಳೆದು ಬಾಯಿ ಹಗುರ ಮಾಡುತ್ತೆ.

ಇನ್ನೊಂದು ವಿಷಯ. ಫ್ರಾನ್ಸಿನ ತುಂಬಾ ಹೆಸರಾದ ಒಂದು ಶಾಂಪೇನ್ ಇದೆ, ಹೆಸರು ವೊವ್ ಕ್ಲಿಕೋ. ವೊವ್ ಅಂದ್ರೆ ಅವರ ಭಾಷೇಲಿ ವಿಧವೆ. 1805ರಲ್ಲಿ ಗಂಡ ಹೋದಾಗ ಆಕೆಗೆ 27 ವರ್ಷ. ಮಾವನನ್ನ ಒಪ್ಪಿಸಿ ವ್ಯಾಪಾರ ತಾನೇ ವಹಿಸ್ಕೊಂಡಳು. ನಾಸಿಕ್ ರಿಟರ್ನ್ ಅಣ್ಣ ಹೇಳಿದ್ರಲ್ಲ, ಬಾಟ್ಲಿ ತಲೆಕೆಳಗು ಮಾಡಿ ತಿರುಗಿಸೋ ಹಲಗೆ, ಆ ಪದ್ಧತಿ ಶುರುವಾಗಿದ್ದು ಆಕೆಯ ನೆಲಮಾಳಿಗೇಲಿ. ನಮ್ಮಲ್ಲಿ ಗಂಡ ಸತ್ತವಳನ್ನ ಆರತಿ ತಟ್ಟೆ ಹತ್ತಿರ ಬಿಡಲ್ಲ. ಅಲ್ಲಿ ಇನ್ನೂರು ವರ್ಷದಿಂದ ಮದುವೆ, ನಾಮಕರಣ, ಹೊಸಮನೆ, ಎಲ್ಲಾ ಶುಭಕಾರ್ಯಕ್ಕೂ ವಿಧವೆ ಅಂತ ಬರೆದಿರೋ ಬಾಟ್ಲಿ ಬಿಚ್ಚುತ್ತಿದ್ದಾರೆ.

ಗೋಲಿಸೋಡಾ · ಮಂಗಳವಾರ ಬೆಳಗ್ಗೆ 11:30

ಅಕ್ಕ, ಇದನ್ನ ನಮ್ಮಜ್ಜಿಗೆ ಓದಿ ಹೇಳಿದೆ. ಐದು ನಿಮಿಷ ಸುಮ್ಮನಿದ್ದು, "ಆ ಯಮ್ಮನ್ನ ಏನಂತ ಕರೀತಿದ್ರಂತೆ?" ಅಂದ್ಳು. ಕ್ಲಿಕೋ ಅಂದೆ. "ಗಟ್ಟಿಗಿತ್ತಿ" ಅಂದ್ಳು.

ಚಪ್ಪರದ ಮಗಳು · ಮಂಗಳವಾರ ಮಧ್ಯಾಹ್ನ 3:18

ನಮ್ಮ ಅತ್ತೆ, ಅಪ್ಪನ ತಂಗಿ, ಮೂವತ್ತೊಂದಕ್ಕೆ ಗಂಡನ್ನ ಕಳ್ಕೊಂಡು ತವರಿಗೆ ಬಂದವರು. ಆ ಚಪ್ಪರದಲ್ಲಿ ಅಪ್ಪನಿಗಿಂತ ಹೆಚ್ಚು ಹೊತ್ತು ನಿಂತಿರೋದು ಅವರು. ಗೊನೆ ಕತ್ತರಿಸೋವಾಗ ತಲೆ ಎತ್ತೀ ಎತ್ತೀ ಕುತ್ತಿಗೆ ನೋವು ಶಾಶ್ವತ ಆಗಿದೆ. ನನ್ನ ಮದುವೇಲಿ ಅಡುಗೆ ಮನೆ ಬಿಟ್ಟು ಈಚೆ ಬರ್ಲಿಲ್ಲ, ನಾನು ಕರೆದ್ರೂ.

ಬಾಟ್ಲಿ ಅವರ ಕೈಲಿ ಬಿಚ್ಚಿಸ್ತೀನಿ. ನಾಸಿಕ್ ರಿಟರ್ನ್, ಟ್ಯೂಬ್‌ಲೈಟ್ ಹೋಗದ ಹಾಗೆ ಹೇಳಿಕೊಡಿ.

ನಾಸಿಕ್ ರಿಟರ್ನ್ · ಮಂಗಳವಾರ ರಾತ್ರಿ 8:47

ಬಿಚ್ಚೋ ಕ್ರಮಕ್ಕಿಂತ ಮುಂಚೆ ತಣ್ಣಗೆ ಮಾಡೋದು ಮುಖ್ಯ. ತುಮಕೂರಿನ ಅಕ್ಕನ ಬಾಟ್ಲಿ ಹಾರಿದ್ದು ಬೆಚ್ಚಗಿತ್ತು, ಆಟೋದಲ್ಲಿ ಕುಲುಕಿತ್ತು, ಅದಕ್ಕೆ. ಫ್ರಿಜ್ಜಿನ ಕೆಳಗಿನ ಅರೇಲಿ ಮೂರ್ನಾಲ್ಕು ಗಂಟೆ ಇಡಿ. ತೋಟದಲ್ಲಿ ಅಂದ್ರೆ ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು, ಅರ್ಧ ಗಂಟೆ ಮುಳುಗಿಸಿ. ಬರೀ ಐಸು ಹಾಕ್ಬೇಡಿ, ನೀರಿದ್ರೇ ಬೇಗ ತಣಿಯೋದು. ಐಸು ಮೀನಿನಂಗಡೀಲಿ ಸಿಗುತ್ತೆ, ಆದ್ರೆ ಬಾಟ್ಲಿ ಚೆನ್ನಾಗಿ ಒರೆಸಿ, ಇಲ್ಲಾಂದ್ರೆ ಅತ್ತೆಯವರು ವೈನ್ ಬದಲು ಬಂಗುಡೆ ವಾಸನೆ ನೋಡ್ತಾರೆ. ಫ್ರೀಜರಲ್ಲಿಟ್ಟು ಮರೀಬೇಡಿ, ಒಡೆದುಹೋಗುತ್ತೆ.

ತಂತಿ ಕಿವಿಯನ್ನ ಆರು ಸುತ್ತು ಬಿಚ್ಚಬೇಕು, ಸಾಮಾನ್ಯವಾಗಿ ಆರೇ ಇರುತ್ತೆ. ತಂತಿ ಸಡಿಲ ಆದ ಗಳಿಗೆಯಿಂದ ಹೆಬ್ಬೆರಳು ಕಾರ್ಕ್ ಮೇಲಿಂದ ತೆಗೀಕೂಡದು. ಬಾಟ್ಲಿಯನ್ನ ಓರೆ ಹಿಡೀರಿ, ಮುಖ ಯಾರ ಕಡೆಗೂ ಇರಬಾರದು. ಕಣ್ಣು ಕಳ್ಕೊಂಡವರಿದ್ದಾರೆ, ತಮಾಷೆ ಅಲ್ಲ. ಒಂದು ಕೈಲಿ ಕಾರ್ಕ್ ಬಿಗಿಯಾಗಿ, ಇನ್ನೊಂದು ಕೈಲಿ ಬಾಟ್ಲಿ ತಳ. ಕಾರ್ಕ್ ತಿರುಗಿಸಬೇಡಿ, ಬಾಟ್ಲಿ ತಿರುಗಿಸಿ. ಕಾರ್ಕ್ ತಾನೇ ಮೇಲೆ ಬರೋಕೆ ನೋಡುತ್ತೆ, ನೀವು ಬೇಡ ಬೇಡ ಅಂತ ತಡೀತಾ ಇರಿ. ಕೊನೆಗೆ "ಉಸ್" ಅಂತ ಒಂದು ನಿಟ್ಟುಸಿರು, ಅಷ್ಟೆ. ನಮ್ಮ ಮೇಸ್ತ್ರಿ ಹೇಳ್ತಿದ್ದ, ಸದ್ದು ಬಂದ್ರೆ ಸಂಬಳ ಕಟ್ ಅಂತ.

ಒಂದು ಬೇಜಾರಿನ ಸಂಗತಿ. ಆ ವೈನಿನಲ್ಲಿ ನಿಮ್ಮಪ್ಪನ ದ್ರಾಕ್ಷಿ ಇರಲ್ಲ. ನಾಸಿಕ್‌ನವರು ಹೆಚ್ಚಾಗಿ ಶೆನಿನ್ ಬ್ಲಾಂಕ್ ಬಳಸ್ತಾರೆ. ಬೆಂಗಳೂರು ಬ್ಲೂ ಹೋಗೋದು ತಿನ್ನೋಕೆ, ಜ್ಯೂಸಿಗೆ, ಆ ಸಿಹಿ ಪೋರ್ಟಿಗೆ. ಹಂಗಾಗಿ ಒಂದು ಉಪಾಯ. ಅವತ್ತೇ ಕಿತ್ತ ಗೊನೆ ಹಿಂಡಿ ಬಟ್ಟೇಲಿ ಸೋಸಿ, ಗ್ಲಾಸಿನ ತಳಕ್ಕೆ ಎರಡು ಚಮಚ ರಸ ಬಿಡಿ, ಮೇಲೆ ವೈನ್ ಸುರೀರಿ. ಇಟಲಿಯ ವೆನಿಸ್‌ನಲ್ಲಿ ಪೀಚ್ ಹಣ್ಣಿನ ರಸಕ್ಕೆ ಹೀಗೇ ನೊರೆ ವೈನ್ ಬೆರೆಸಿ ಬೆಲ್ಲಿನಿ ಅಂತ ಕುಡೀತಾರೆ. ನಿಮ್ಮದಕ್ಕೆ ನೀವೇ ಹೆಸರಿಡಿ.

ಮುದ್ದೆಬಸ್ಸಾರು · ಮಂಗಳವಾರ ರಾತ್ರಿ 9:30

ಕುಡಿಯದೋರಿಗೆ ಗೋಲಿ ಸೋಡಾ ತಂದಿಡಿ. ಅದಕ್ಕೂ ಸದ್ದಿದೆ. ನಿಮ್ಮಮ್ಮನ ಕೈಲಿ ಒಂದು ಒತ್ತಿಸಿ.

ಗೋಲಿಸೋಡಾ · ಮಂಗಳವಾರ ರಾತ್ರಿ 9:33

ನನ್ನ ಹೆಸರು ಬಂತು, ಸುಮ್ನಿರೋಕಾಗಲ್ಲ. ಅಲ್ಲೂ ಅದೇ ಗ್ಯಾಸ್ ಗುರುವೇ, ಒಳಗಿನ ಒತ್ತಡಾನೇ ಗೋಲಿನ ಬಾಯಿಗೆ ಒತ್ತಿ ಹಿಡಿಯೋದು. ಕಾಡ್ ಅನ್ನೋ ಇಂಗ್ಲಿಷಿನವನು 1870ರ ದಶಕದಲ್ಲಿ ಮಾಡಿದ ಬಾಟ್ಲಿ. ಬಡವರ ಶಾಂಪೇನ್ ಅಂದ್ರೆ ಅದೇ. ಹೆಬ್ಬೆರಳಿಗೆ ಜೈ.

ಚಿಂತಾಮಣಿ ಟೊಮೆಟೊ · ಬುಧವಾರ ಬೆಳಗ್ಗೆ 5:55

ತಂಗಿ, ಕೆಜಿಎಫ್‌ನವರ ಮಾತು ಓದಿ ರಾತ್ರಿ ನಿದ್ದೆ ಬರ್ಲಿಲ್ಲ. ಮಾಡಮ್ಮ. ಬಳ್ಳಿ ಕೀಳೋ ಮುಂಚೆ ಒಂದೆರಡು ಕಡ್ಡಿ ಕತ್ತರಿಸಿ ನೀರಲ್ಲಿಟ್ಟಿರು, ಬಾವಿ ಪಕ್ಕ ನೆಟ್ಟುಕೊಂಡ್ರೆ ನೆರಳಿಗಾದ್ರೂ ಒಂದು ಇರುತ್ತೆ.

ಚಪ್ಪರದ ಮಗಳು · ಹನ್ನೊಂದು ದಿನದ ನಂತರ, ಭಾನುವಾರ ರಾತ್ರಿ 10:20

ಆಯ್ತು. ನಿನ್ನೆ ಆಯ್ತು.

ಯಲಹಂಕದಲ್ಲಿ ಎರಡು ಬಾಟ್ಲಿ ತಗೊಂಡೆ. ಡೆಮಿ ಸೆಕ್ ಸಿಗ್ಲಿಲ್ಲ, ಎರಡೂ ಬ್ರೂಟ್. ಬಿಲ್ಲು ಪರ್ಸಲ್ಲಿದೆ, ಅಬಕಾರಿ ಸಾರ್. ಐಸು ಮೀನಿನಂಗಡೀದೇ. ಮೂರು ಸಲ ಒರೆಸಿದೆ.

ಕೊನೇ ಕ್ರೇಟ್ ಹೋದಾಗ ನಾಲ್ಕೂವರೆ. ಚಪ್ಪರದ ಕೆಳಗೆ ಚಾಪೆ ಹಾಸಿದ್ವಿ. ಎಲೆ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಎಲ್ಲರ ಮೇಲೂ ಬಿದ್ದಿತ್ತು. ಅಮ್ಮ ನಿಪ್ಪಟ್ಟು ತಂದಿದ್ರು, ತಾನೇ ಕರಿದದ್ದು, ನಾನು ಕೇಳಿರ್ಲಿಲ್ಲ. ತಮ್ಮ, ಮಕ್ಕಳು, ಅಮ್ಮ ಎಲ್ಲರಿಗೂ ಗೋಲಿ ಸೋಡಾ. ಅಮ್ಮ ಹೆಬ್ಬೆರಳಲ್ಲಿ ಒತ್ತಿದ್ರೆ ಆಗ್ಲಿಲ್ಲ, ಅಂಗೈಲಿ ಗುದ್ದಿದ್ರು, ಸೀರೆ ಎಲ್ಲಾ ನೆನೀತು.

ಅತ್ತೆಗೆ ಬಾಟ್ಲಿ ಕೊಟ್ಟೆ. "ನಾನ್ಯಾಕೇ, ನಿಮ್ಮಪ್ಪ ಇಲ್ವಾ" ಅಂದ್ರು. ಆ ಫ್ರಾನ್ಸಿನ ಯಮ್ಮನ ಕಥೆ ಹೇಳಿದೆ. ಪೂರ್ತಿ ಕೇಳಿದ್ರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು, "ಆರು ಸುತ್ತಾ?" ಅಂದ್ರು. ಎಣಿಸಿದ್ರು, ಜೋರಾಗಿ. ಆರೇ ಇತ್ತು. ಕಾರ್ಕ್ ಬಿಗಿ ಹಿಡಿದು ಬಾಟ್ಲಿ ತಿರುಗಿಸಿದ ರೀತಿ ನೋಡ್ಬೇಕಿತ್ತು, ಇಷ್ಟು ವರ್ಷ ಗೊನೆ ತೊಟ್ಟು ತಿರುವಿದ ಕೈ ಅದು. ಉಸ್ ಅಂತು. ಒಂದು ಹನಿ ಚೆಲ್ಲಲಿಲ್ಲ.

ಅಪ್ಪನ ಮುಖ ಬಾಡಿಹೋಯ್ತು. "ಅಷ್ಟೇನಾ? ಟೀವೀಲಿ ಕಾರ್ ರೇಸ್‌ನೋರು ಢಂ ಅನ್ನಿಸ್ತಾರಲ್ಲ?"

ಏನ್ ಮಾಡೋದು, ಎರಡನೇ ಬಾಟ್ಲಿ ಅವರ ಕೈಗೆ ಕೊಟ್ಟು ಎಲ್ಲರೂ ಹಿಂದೆ ಸರಿದ್ವಿ. ನಾಸಿಕ್ ರಿಟರ್ನ್, ನೀವು ಕಣ್ಣು ಮುಚ್ಕೊಳ್ಳಿ. ಬಾಯಿ ಮೇಲಕ್ಕೆ ಮಾಡಿ, ಹೊರಗಿನ ಖಾಲಿ ಬದಿಗೆ ಬಾಗಿಸಿ, ಎರಡು ಹೆಬ್ಬೆರಳಲ್ಲಿ ತಳ್ಳಿದ್ರು. ನಿಮ್ಮ ಮೇಸ್ತ್ರಿ ಇದ್ದಿದ್ರೆ ಒಂದು ವರ್ಷದ ಸಂಬಳ ಕಟ್. ಬೇಲಿ ಆಚೆ ಕೊಕ್ಕರೆ ಎದ್ದುಹೋದ್ವು. ಅರ್ಧ ಬಳ್ಳಿ ಬುಡಕ್ಕೆ ಹೋಯ್ತು. ಅಪ್ಪ "ಹೋಗ್ಲಿ ಬಿಡು, ಅದೂ ಕುಡೀಲಿ" ಅಂದ್ರು.

ದ್ರಾಕ್ಷಿ ರಸ ತಳಕ್ಕೆ ಬಿಟ್ಟು ವೈನ್ ಸುರಿದಾಗ ನೇರಳೆ ಬಣ್ಣದ ನೊರೆ ಗ್ಲಾಸಿನ ಅಂಚಿಗೆ ಬಂತು. ಅಪ್ಪ ಮೊದಲ ಗುಟುಕಿಗೆ ಮುಖ ಹಿಂಡಿದ್ರು. ಎರಡನೇದಕ್ಕೆ ಸುಮ್ಮನಾದ್ರು. ಮೂರನೇದಕ್ಕೆ "ಹುಳಿ ಅವರದ್ದು, ವಾಸನೆ ನಮ್ದು" ಅಂದ್ರು. ಅಲ್ಲಿಗೆ ಲೋಟ ಕೆಳಗಿಟ್ರು, ಮತ್ತೆ ಮುಟ್ಲಿಲ್ಲ. ಅತ್ತೆ ತನ್ನದು ಮುಗಿಸಿ ಅಪ್ಪನದ್ದನ್ನೂ ಮುಗಿಸಿದ್ರು.

ತಮ್ಮನ ಮಗ ಪೂಜೆ ಡಬ್ಬಿಯಿಂದ ಒಣದ್ರಾಕ್ಷಿ ತಂದು ಸೋಡಾಕ್ಕೆ ಹಾಕಿದ್ದ. ಗುಳ್ಳೆ ಅಂಟ್ಕೊಂಡು ಮೇಲೆ ಬರುತ್ತೆ, ಮೇಲೆ ಗುಳ್ಳೆ ಒಡೆದು ಕೆಳಗೆ ಮುಳುಗುತ್ತೆ, ಮತ್ತೆ ಮೇಲೆ. ಅಪ್ಪ ಅದನ್ನೇ ನೋಡ್ತಾ ಕತ್ತಲಾಗೋವರೆಗೂ ಕೂತಿದ್ರು.

ನಾಸಿಕ್ ರಿಟರ್ನ್ · ಭಾನುವಾರ ರಾತ್ರಿ 10:41

ಅತ್ತೆಯವರಿಗೆ ನೆಲಮಾಳಿಗೇಲಿ ಕೆಲ್ಸ ಖಾಯಂ. ಅಪ್ಪನವರಿಗೆ ಇಲ್ಲ.

ಮುದ್ದೆಬಸ್ಸಾರು · ಭಾನುವಾರ ರಾತ್ರಿ 11:05

ನಿಪ್ಪಟ್ಟು ನಿಮ್ಮಮ್ಮ ತಾವಾಗೇ ಕರಿದದ್ದು ಅಂದ್ರಲ್ಲ, ಅದನ್ನೇ ಎರಡು ಸಲ ಓದ್ಕೊಂಡೆ.

ಕ್ಯಾತ್ಸಂದ್ರ ಗೇಟ್ · ಸೋಮವಾರ ಬೆಳಗ್ಗೆ 9:10

ಖಾಲಿ ಬಾಟ್ಲಿ ಏನ್ ಮಾಡಿದ್ರಿ? ಮನೇಗೆ ತರಬಾರದು ಅಂತ ಅಮ್ಮನ ಷರತ್ತಿತ್ತಲ್ಲ?

ಚಪ್ಪರದ ಮಗಳು · ಸೋಮವಾರ ಬೆಳಗ್ಗೆ 9:52

ಒಂದನ್ನ ಅತ್ತೆ ಬೋರ್ ಹತ್ತಿರ ಬೂದಿ ಹಾಕಿ ತಿಕ್ಕಿ ತೊಳೆದು ಹರಳೆಣ್ಣೆಗೆ ಇಟ್ಕೊಂಡಿದಾರೆ, "ಗಟ್ಟಿ ಬಾಟ್ಲಿ, ಯಾಕೆ ಬಿಸಾಡೋದು" ಅಂತ. ಅಮ್ಮ ನೋಡಿಯೂ ನೋಡದ ಹಾಗಿದ್ದಾರೆ. ಇನ್ನೊಂದರಲ್ಲಿ ಅಪ್ಪ ನೀರು ತುಂಬಿ ಮೂರು ಕಡ್ಡಿ ಸಿಕ್ಕಿಸಿ ಜಗಲಿ ಮೇಲಿಟ್ಟಿದ್ದಾರೆ, ಚಿಂತಾಮಣಿ ಅಣ್ಣ ಹೇಳಿದ ಹಾಗೆ. ಜೆಸಿಬಿ ಗುರುವಾರ ಬರುತ್ತೆ. ಕಾರ್ಕ್ ಇನ್ನೂ ಸಿಕ್ಕಿಲ್ಲ.